ಪಕ್ಕದ ಬೆಂಚಿನ ದಡ್ಡ

ತಲೆಬರಹ ಓದಿದ ಕೂಡ್ಲೇ ನಿಮ್ಮ ಕಣ್ಣೆದುರು ಒಂದು ಮುಖ ಬಂತಲ್ಲ, ಅದು ಯಾರದ್ದು ಮಾರಾಯ್ರೆ? ಸುಳ್ಳು ಹೇಳ್ಬೇಡಿ. ಭಾವನದ್ದಾ? ಆಫೀಸಿನಲ್ಲಿ ಎದುರು ಕೂರುವವರದ್ದಾ? ದಿನಾ ಸಂಜೆ ಕಾರು ತಂದು ನಿಮ್ಮ ಗೇಟಿಗೇ ಅಡ್ಡ ಇಡುವ ಆ ಮಹಾನುಭಾವರದ್ದಾ? ಯಾರದ್ದೇ ಆಗ್ಲಿ, ನಿಮ್ಮದಂತೂ ಅಲ್ಲ. (ನಮ್ಮ ಮುಖ ಹಾಗೆಲ್ಲ ಸುಲಭದಲ್ಲಿ ನಮಗೆ ನೆನಪಾಗುವುದಿಲ್ಲ ಬಿಡಿ.)

ಮಂಗಳೂರಿನ ಯಾವ ಇಗರ್ಜಿಗೆ ಬೇಕಾದ್ರೂ ಭಾನುವಾರ ಬೆಳಿಗ್ಗೆ ಹೋಗಿ ನೋಡಿ. ಪಾದ್ರಿಗಳು ಶೆರ್ಮಾಂವ್, ಅಂದ್ರೆ ಪ್ರಸಂಗ, ಶುರು ಮಾಡಿ, ಹೊಟ್ಟೆಕಿಚ್ಚು ಒಳ್ಳೇದಲ್ಲ ಅಂದ್ರು ಅಂತ ಇಟ್ಕೊಳ್ಳಿ. ಮೂರನೇ ಸಾಲಿನಲ್ಲಿ ಒಂದು ಮೊಣಕೈ ಇನ್ನೊಂದು ಪಕ್ಕೆಗೆ ತಾಗ್ತದೆ. “ಇವತ್ತಿನದ್ದು ಅವಳಿಗೇ ಹೇಳಿದ ಹಾಗುಂಟು.” ಆ ‘ಅವಳು’ ಐದನೇ ಸಾಲಿನಲ್ಲಿ ಕೂತು, ಮೂರನೇ ಸಾಲಿನವರ ಬೆನ್ನು ನೋಡ್ತಾ ಅದನ್ನೇ ಯೋಚನೆ ಮಾಡ್ತಾ ಇರ್ತಾಳೆ. ಕಡೆಗೆ ಪ್ರಸಂಗ ಮುಗೀತದೆ, ಎಲ್ಲರಿಗೂ ಸಮಾಧಾನ ಆಗಿರ್ತದೆ, ಯಾರಿಗೂ ಒಂದು ಗೀರು ಸಹ ಬಿದ್ದಿರುವುದಿಲ್ಲ!

ಇಲ್ಲೇ ಒಂದು ಗುಟ್ಟು ಹೇಳ್ತೇನೆ, ಹತ್ತಿರ ಬನ್ನಿ. ಬೈಬಲ್ಲಿನಲ್ಲಿ ಮೂರ್ಖ ಅಂದ್ರೆ ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೆ ಫೇಲ್ ಆದವ ಅಲ್ಲ. ಅಲ್ಲಿ ಬರುವ ಮೂರ್ಖರನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡಿ. ಮಂಡೆ ಇದ್ದವರು, ಪ್ಲಾನ್ ಇದ್ದವರು, ನಾಲ್ಕು ಕಾಸು ಕೂಡಿಟ್ಟವರು, ಊರಿನಲ್ಲಿ ಮರ್ಯಾದೆ ಇದ್ದವರು. ಒಟ್ಟಾರೆ ನಿಮ್ಮಂಥವರೇ.

ಜ್ಞಾನೋಕ್ತಿಗಳು ಅಂತ ಒಂದು ಪುಸ್ತಕ ಉಂಟಲ್ಲ, ಮೂವತ್ತೊಂದು ಅಧ್ಯಾಯ. ತಿಂಗಳಿನ ತಾರೀಕು ನೋಡಿ ದಿನಕ್ಕೊಂದು ಓದುವವರು ಬಹಳ ಜನ ಇದ್ದಾರೆ. (ಒಂದನೇ ತಾರೀಕಿಗೆ ಶುರು ಮಾಡಿ ನಾಲ್ಕಕ್ಕೆ ಬಿಡುವವರು ಇನ್ನೂ ಬಹಳ. ನೀವು ಯಾವ ತಾರೀಕಿನವರು?) ಅದರ 26ನೇ ಅಧ್ಯಾಯದಲ್ಲಿ ಒಂದು ಕುಶಾಲು ಉಂಟು. ಮೂರ್ಖನಿಗೆ ಅವನ ಧಾಟಿಯಲ್ಲೇ ಉತ್ತರ ಕೊಡಬೇಡ, ಕೊಟ್ರೆ ನೀನೂ ಅವನ ಹಾಗೇ ಆಗ್ತೀಯ ಅಂತ ಒಂದು ವಚನ. ಅದರ ಬೆನ್ನಿಗೇ ಮುಂದಿನ ವಚನ: ಕೊಡು, ಇಲ್ಲದಿದ್ರೆ ಅವನು ತನ್ನನ್ನು ಜಾಣ ಅಂದ್ಕೊಳ್ತಾನೆ!

ಪಂಡಿತರು ಈ ಜೋಡಿಗೆ ಏನೇನೋ ಸಮಾಧಾನ ಹೇಳ್ತಾರೆ. ನನಗಂತೂ ಇದು ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪ್ ಇದ್ದವರಿಗೇ ಬರೆದದ್ದು ಅನ್ನಿಸ್ತದೆ. ರಾತ್ರಿ ಹನ್ನೊಂದಕ್ಕೆ ಚಿಕ್ಕಪ್ಪ ಒಂದು ಹಾಕ್ತಾರೆ. ನೀವು ಮೊದಲನೇ ವಚನ ಹಿಡಿದು ಸುಮ್ನಿರ್ತೀರಿ. ಹನ್ನೊಂದೂಕಾಲಕ್ಕೆ ಕೈ ತುರಿಸ್ತದೆ, ಎರಡನೇ ವಚನಕ್ಕೆ ಬರ್ತೀರಿ. ಬೆಳಿಗ್ಗೆ ಹೊತ್ತಿಗೆ ಇಬ್ಬರೂ ಲೆಫ್ಟ್. ಅದರಲ್ಲಿ ಮೂರ್ಖ ಯಾರು ಅಂತ ಗ್ರೂಪಿನಲ್ಲಿ ಉಳಿದವರನ್ನು ಕೇಳಿ ನೋಡಿ, ಒಂದೇ ಹೆಸರು ಹೇಳಿದ್ರೆ ಮತ್ತೆ ಹೇಳಿ.

ಅದು ಬಿಡಿ, ಆ ಪುಸ್ತಕ ಯಾರ ಹೆಸರಲ್ಲಿ ಉಂಟು? ಸೊಲೊಮೋನನ ಹೆಸರಲ್ಲಿ. ಜ್ಞಾನಕ್ಕೆ ಅವನನ್ನು ಬಿಟ್ಟು ಇನ್ನೊಬ್ಬನಿಲ್ಲ ಅಂತ ಹೆಸರಾದವ. ಒಂದು ಮಗುವಿಗೆ ಇಬ್ಬರು ತಾಯಂದಿರು ಜಗಳ ಆಡಿ ಬಂದಾಗ ಕತ್ತಿ ತರಿಸಿ ಕೇಸ್ ಮುಗಿಸಿದ ಕತೆ ಗೊತ್ತುಂಟಲ್ಲ. ಶೆಬದ ರಾಣಿ ಒಗಟು ಹಾಕ್ಲಿಕ್ಕೆ ಅಂತ ಒಂಟೆ ಕಟ್ಕೊಂಡು ಬಂದು, ಉತ್ತರ ಕೇಳಿ, ಉಸಿರು ಕಟ್ಟಿ ಕೂತಳು. ಊರವರ ತಲೆಬಿಸಿಗೆಲ್ಲ ಅವನ ಹತ್ತಿರ ಮದ್ದಿತ್ತು.

ಮನೆಯ ಕತೆ? ಏಳು ನೂರು ಹೆಂಡತಿಯರು, ಮುನ್ನೂರು ಉಪಪತ್ನಿಯರು. (ಒಬ್ಬರ ಬರ್ತ್‌ಡೇ ಮರೆತಿದ್ದಕ್ಕೆ ನಿಮಗೆ ಒಂದು ವಾರ ಸಾರಿಗೆ ಉಪ್ಪಿಲ್ಲ ಅಂದ್ರಿ.) ದೇವಾಲಯ ಕಟ್ಟಲಿಕ್ಕೆ ಏಳು ವರ್ಷ ತಗೊಂಡ, ತನ್ನ ಅರಮನೆಗೆ ಹದಿಮೂರು. ಹೆಂಡತಿಯರ ದೇವರುಗಳಿಗೆಲ್ಲ ಗುಡ್ಡದ ಮೇಲೆ ಗುಡಿ. ಅವನ ಮಗ ರೆಹಬ್ಬಾಮ ಪಟ್ಟಕ್ಕೆ ಬಂದವನೇ ಹಿರಿಯರ ಮಾತು ಬದಿಗಿಟ್ಟು, ಜೊತೆಗೆ ಬೆಳೆದ ದೋಸ್ತಿಗಳ ಮಾತು ಕೇಳಿ, ತೆರಿಗೆ ಕಡಿಮೆ ಮಾಡಿ ಅಂತ ಬಂದವರಿಗೆ ಇನ್ನೂ ಏರಿಸ್ತೇನೆ ಅಂದ. ಹನ್ನೆರಡು ಕುಲದಲ್ಲಿ ಹತ್ತು ಕೈಬಿಟ್ಟು ಹೋಯ್ತು.

ಪುರಾಣದ ಬದನೆಕಾಯಿ ಅಂತ ನಾವು ಹೇಳುವುದುಂಟಲ್ಲ, ಅದೇ. ಇಲ್ಲಿ ನಗುವ ಮೊದಲು ಒಂದು ಮಾತು. ಗೆಳೆಯನ ಮಗ ಓದದಿದ್ರೆ ಎಂತ ಮಾಡ್ಬೇಕು ಅಂತ ನಿಮಗೆ ಗೊತ್ತುಂಟು. ಅಕ್ಕನ ಸೊಸೆ ಹೇಗಿರ್ಬೇಕು ಅಂತ ಗೊತ್ತುಂಟು. ದೇಶದ ಬಜೆಟ್ ಸಹ ನಿಮ್ಮ ಕೈಗೆ ಕೊಟ್ರೆ ಒಂದು ಸಂಜೆಯಲ್ಲಿ ಸರಿ ಆಗ್ತದೆ. ನಿಮ್ಮ ಮಗ ಬಾಗಿಲು ಹಾಕ್ಕೊಂಡು ಕೂತದ್ದು ಯಾಕೆ? ಅದೊಂದು ಮಾತ್ರ ಗೊತ್ತಿಲ್ಲ ಅಲ್ವಾ?

ಇನ್ನೊಂದು ಜಾತಿಯ ಜಾಣರಿದ್ದಾರೆ. ಸಾವಿನ ಮನೆಗೆ, ಆಸ್ಪತ್ರೆ ವಾರ್ಡಿಗೆ ಸೇಬು ಹಿಡ್ಕೊಂಡು ಬರುವವರು. “ಮೊದಲೇ ಆ ಇನ್ನೊಂದು ಡಾಕ್ಟ್ರಿಗೆ ತೋರಿಸ್ಬೇಕಿತ್ತು ನೋಡಿ.” “ಅಷ್ಟು ಸ್ವೀಟ್ ತಿನ್ಬೇಡಿ ಅಂತ ನಾನು ಆವತ್ತೇ ಹೇಳಿದ್ದೆ.” (ನೀವಲ್ಲ, ನೀವಲ್ಲ. ನೀವು ಮೂಸಂಬಿ ತರುವವರು.)

ಬೈಬಲ್ಲಿನ ಯೋಬನ ಪುಸ್ತಕದಲ್ಲಿ ಅವನ ಗೆಳೆಯರು ಇದೇ ಪಂಗಡ. ಎಲೀಫಜ, ಬಿಲ್ದದ, ಚೋಫರ. ಮಕ್ಕಳು ಹೋಗಿ, ಆಸ್ತಿ ಹೋಗಿ, ಮೈತುಂಬ ಹುಣ್ಣಾಗಿ ಯೋಬ ಬೂದಿಯಲ್ಲಿ ಕೂತಿದ್ದ. ಮೂವರೂ ದೂರದಿಂದ ಬಂದರು, ಅತ್ತರು, ಬಟ್ಟೆ ಹರಕೊಂಡರು, ಅವನ ಜೊತೆ ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಕೂತರು. ಒಂದು ಮಾತಿಲ್ಲ. ಇಡೀ ಪುಸ್ತಕದಲ್ಲಿ ಅವರು ಮಾಡಿದ ಬುದ್ಧಿವಂತ ಕೆಲಸ ಆ ಒಂದು ವಾರದ್ದು! ಎಂಟನೇ ದಿನಕ್ಕೆ ಬಾಯಿ ಬಿಟ್ರು ನೋಡಿ: ನೀನು ಎಂತದಾದ್ರೂ ಪಾಪ ಮಾಡಿರ್ಲೇಬೇಕು, ಸುಮ್ನೆ ಹೀಗೆಲ್ಲ ಆಗುವುದಿಲ್ಲ ಅಂತ ಅಧ್ಯಾಯದ ಮೇಲೆ ಅಧ್ಯಾಯ. ಕೊನೆಗೆ ದೇವರೇ ಸಿಟ್ಟಾಗಿ, ಏಳು ಹೋರಿ ಏಳು ಟಗರು ಬಲಿ ಕೊಡಿ, ಯೋಬನ ಹತ್ತಿರ ನಿಮಗೋಸ್ಕರ ಪ್ರಾರ್ಥನೆ ಮಾಡಿಸ್ಕೊಳ್ಳಿ ಅಂದ್ರಂತೆ. ಅವರು ಹೇಳಿದ ಒಂದೊಂದು ವಾಕ್ಯವೂ ದೇವರ ಪರವಾಗಿಯೇ ಇತ್ತು ಅನ್ನುವುದು ಇದರ ಮಜಾ.

ಈಗ ಸ್ವಲ್ಪ ಸರಿಯಾಗಿ ಕೂತ್ಕೊಳ್ಳಿ, ನಿಮ್ಮ ಆಸ್ತಿ ವಿಷಯಕ್ಕೆ ಬರ್ತೇನೆ. ಲೂಕನ ಸುವಾರ್ತೆಯ 12ನೇ ಅಧ್ಯಾಯ. ಯೇಸುವಿನ ಸುತ್ತ ಜನಸಾಗರ. ಆತ್ಮ, ಪರಲೋಕ ಅಂತ ದೊಡ್ಡ ದೊಡ್ಡ ಮಾತು ನಡೀತಾ ಉಂಟು. ಮಧ್ಯದಲ್ಲಿ ಒಬ್ಬ ಬೊಬ್ಬೆ ಹಾಕ್ತಾನೆ: ಗುರುಗಳೇ, ನಮ್ಮಣ್ಣನಿಗೆ ಒಂದು ಮಾತು ಹೇಳಿ, ಪಿತ್ರಾರ್ಜಿತದಲ್ಲಿ ನನ್ನ ಪಾಲು ಕೊಡ್ಲಿಕ್ಕೆ!

ನೋಡಿ, ಎರಡು ಸಾವಿರ ವರ್ಷದಲ್ಲಿ ಎಂತ ಬದಲಾಯ್ತು? ದೇವರ ಮಗನೇ ಎದುರು ನಿಂತಿದ್ದಾನೆ, ಇವನಿಗೆ ಪಾಲುಪಟ್ಟಿ ಚಿಂತೆ. (ತಮಾಷೆ ಮಾಡ್ಬೇಡಿ. ನಿಮ್ಮ ಮನೆಗೆ ಬಿಷಪರು ಬಂದ್ರೆ ಕಾಫಿ ಕೊಟ್ಟ ಐದನೇ ನಿಮಿಷಕ್ಕೆ ನೀವು ಕೇಳುವುದೂ ಅದನ್ನೇ ಅಲ್ವಾ? ಇಲ್ಲದಿದ್ರೆ ಮಗಳಿಗೆ ಕಾಲೇಜ್ ಸೀಟು.) ನಿಮಗೆ ಪಾಲು ಮಾಡಿ ಕೊಡುವ ಕೆಲಸಕ್ಕೆ ನನ್ನನ್ನು ಯಾರು ಇಟ್ರಪ್ಪ ಅಂತ ಯೇಸು ಜಾರಿಕೊಂಡರು. ಜಾರಿಕೊಂಡವರು ಸುಮ್ನೆ ಹೋಗಲಿಲ್ಲ, ಒಂದು ಕತೆ ಬಿಟ್ಟು ಹೋದರು.

ಒಬ್ಬ ಶ್ರೀಮಂತನ ಹೊಲ ಆ ವರ್ಷ ಭರ್ತಿ ಬೆಳೆಯಿತು. ಇಡ್ಲಿಕ್ಕೆ ಜಾಗ ಇಲ್ಲ. ಇದ್ದ ಕಣಜ ಕೆಡವಿ ದೊಡ್ಡದು ಕಟ್ಟಿಸ್ತೇನೆ, ಎಲ್ಲ ತುಂಬಿಸ್ತೇನೆ, ಮತ್ತೆ ವರ್ಷಗಟ್ಟಲೆ ಉಂಡು ಕುಡಿದು ಆರಾಮ ಇರ್ತೇನೆ ಅಂತ ಲೆಕ್ಕ ಹಾಕಿದ. ಅದೇ ರಾತ್ರಿ ದೇವರು ಅವನನ್ನು ಮೂರ್ಖ ಅಂತ ಕರೆದು ಎಬ್ಬಿಸಿದರು. ಪ್ರಾಣ ಹೋಗುವುದು ಇವತ್ತೇ, ಕೂಡಿಟ್ಟದ್ದು ಯಾರ ಪಾಲಿಗೆ ಅಂತ ಒಂದು ಪ್ರಶ್ನೆ. ಕತೆ ಅಲ್ಲಿಗೆ ಕಟ್!

ಈ ಕತೆ ಕೇಳಿ ನಿಮಗೆ ಒಳಗೊಳಗೇ ಸಿಟ್ಟು ಬರ್ಬೇಕು. ಬರದಿದ್ರೆ ನೀವು ಸರಿ ಕೇಳಲಿಲ್ಲ. ಅವ ಮಾಡಿದ ತಪ್ಪೆಂತ? ಕದ್ದನಾ? ಯಾರ ಜಾಗಕ್ಕಾದ್ರೂ ಬೇಲಿ ಹಾಕಿದನಾ? ಒಳ್ಳೆ ಬೆಳೆ, ಒಳ್ಳೆ ಪ್ಲಾನಿಂಗ್. ನಮ್ಮ ಬ್ಯಾಂಕಿನವರು ಅವನ ಫೋಟೋ ಹಾಕಿ ಎಫ್‌ಡಿ ಜಾಹೀರಾತು ಮಾಡ್ಬಹುದು. ನಿಮ್ಮ ರಿಟೈರ್ಮೆಂಟ್ ಪ್ಲಾನ್ ಇದಕ್ಕಿಂತ ಬೇರೆ ಉಂಟಾ? ಊರಲ್ಲಿ ಹತ್ತು ಸೆಂಟ್ಸ್, ತಾರಸಿ ಮನೆ, ಬಾಡಿಗೆಗೆ ಎರಡು ರೂಮು, ಮತ್ತೆ ಆರಾಮ ಕುರ್ಚಿ.

ಅವನ ಮಾತನ್ನು ಇನ್ನೊಮ್ಮೆ ಕೇಳಿ. ಬೆಳೆ ನನ್ನದು, ಕಣಜ ನನ್ನದು, ಮಾಲು ನನ್ನದು. ಕಡೆಗೆ ಜೀವ ಸಹ ನನ್ನದು ಅಂತ ಅದರ ಹತ್ತಿರವೇ ಮಾತಾಡ್ತಾನೆ! ಇಡೀ ಕತೆಯಲ್ಲಿ ಅವನಿಗೆ ಮಾತಾಡ್ಲಿಕ್ಕೆ ಬೇರೆ ಒಂದು ಜನ ಇಲ್ಲ. ಹೆಂಡತಿ ಇಲ್ಲ, ನೆರೆಯವ ಇಲ್ಲ, ಆ ಬೆಳೆ ಕೊಯ್ದ ಕೂಲಿಯಾಳು ಇಲ್ಲ. ಮಳೆ ಕೊಟ್ಟವನೂ ಇಲ್ಲ. ಅಷ್ಟು ದೊಡ್ಡ ಕಣಜದಲ್ಲಿ ಜಾಗ ಇದ್ದದ್ದು ಒಬ್ಬನಿಗೇ. ಅಣ್ಣನ ಹತ್ತಿರ ಪಾಲು ಕೇಳ್ಲಿಕ್ಕೆ ಬಂದಿದ್ದನಲ್ಲ, ಅವನು ಇದನ್ನು ಕೇಳಿ ಮನೆಗೆ ಹೋಗಿ ಎಂತ ಮಾಡಿದ ಅಂತ ಲೂಕ ಬರೆಯಲಿಲ್ಲ. (ಅಣ್ಣನಿಗೆ ಹೇಳಿದ ಕತೆ ಅಂತ ಖುಷಿಯಲ್ಲಿ ಹೋಗಿರ್ತಾನೆ. ನಾವಾದ್ರೆ ಹಾಗೇ ಮಾಡ್ತಿದ್ದೆವು.)

ಹಾಗಾದ್ರೆ ನಿಜವಾದ ಬುದ್ಧಿ ಯಾವುದು ಮಾರಾಯ್ರೆ ಅಂತ ನೀವು ಕೇಳ್ತೀರಿ. ಇದಕ್ಕೆ ಅಪೊಸ್ತಲ ಪೌಲನನ್ನು ಕರೀಬೇಕು. ಕೊರಿಂಥ ಅಂತ ಗ್ರೀಸಿನ ಪಟ್ಟಣ, ಆಚೆ ಈಚೆ ಎರಡು ಬಂದರು, ದುಡ್ಡು ಬೇಕಾದಷ್ಟು, ಮಾತುಗಾರರಿಗೆ ಭಾರೀ ಮರ್ಯಾದೆ. ಪೌಲ ಅಲ್ಲಿ ಒಂದೂವರೆ ವರ್ಷ ಇದ್ದ. ಹೊಟ್ಟೆಪಾಡಿಗೆ ಗುಡಾರ ಮಾಡುವ ಕೆಲಸ, ಜೊತೆಗೆ ಸುವಾರ್ತೆ. ಅವನು ಆಚೆ ಹೋದದ್ದೇ ತಡ, ಸಭೆಯಲ್ಲಿ ಪಾರ್ಟಿ ಶುರು. ಒಬ್ಬ ಪೌಲನ ಕಡೆ, ಒಬ್ಬ ಅಪೊಲ್ಲೋಸನ ಕಡೆ, ಒಬ್ಬ ಕೇಫನ (ಅಂದ್ರೆ ಪೇತ್ರನ) ಕಡೆ. ಇನ್ನು ಕೆಲವರು ತಾವು ಕ್ರಿಸ್ತನ ಕಡೆ ಅಂದ್ರು. (ಇವರೇ ಎಲ್ಲರಿಗಿಂತ ತಲೆಬಿಸಿ.)

ಎಫೆಸದಿಂದ ಪೌಲ ಅವರಿಗೆ ಕಾಗದ ಬರೆದ. ಅದರ ಸಾರ ಇಷ್ಟೇ: ನಿಮ್ಮ ಜಾಣತನ ನಿಮ್ಮ ಹತ್ತಿರವೇ ಇರ್ಲಿ, ನಾನು ತಂದ ಸುದ್ದಿ ಶಿಲುಬೆಗೆ ಹಾಕಿದವನದ್ದು. ಅದು ಯೆಹೂದ್ಯರಿಗೆ ಎಡವುವ ಕಲ್ಲು, ಬೇರೆಯವರಿಗೆ ಶುದ್ಧ ಹುಚ್ಚು. ಜಾಣ ಆಗ್ಬೇಕು ಅಂತ ಇದ್ದವನು ಮೊದಲು ದಡ್ಡ ಆಗ್ಲಿ.

ಹುಚ್ಚು ಅಂದದ್ದು ಸುಮ್ನೆ ಹೇಳಿದ ಮಾತು ಅಂದ್ಕೊಳ್ಬೇಡಿ. ರೋಮಿನ ಪ್ಯಾಲಟೈನ್ ಗುಡ್ಡದಲ್ಲಿ ಚಕ್ರವರ್ತಿಯ ಊಳಿಗದ ಹುಡುಗರಿದ್ದ ಕಟ್ಟಡದ ಗೋಡೆಯಲ್ಲಿ 1857ರಲ್ಲಿ ಒಂದು ಗೀಚು ಸಿಕ್ಕಿತು. ಕ್ರಿ.ಶ. 200ರ ಆಸುಪಾಸಿನದ್ದು ಅಂತ ಹೆಚ್ಚಿನವರ ಅಂದಾಜು. ಶಿಲುಬೆಯ ಮೇಲೆ ಒಬ್ಬ ಮನುಷ್ಯ, ಅವನಿಗೆ ಕತ್ತೆಯ ತಲೆ. ಕೆಳಗೆ ಒಬ್ಬ ಹುಡುಗ ಕೈ ಎತ್ತಿ ನಿಂತಿದ್ದಾನೆ. ಅಲೆಕ್ಸಾಮೆನೋಸ್ ತನ್ನ ದೇವರಿಗೆ ಕೈ ಮುಗೀತಿದ್ದಾನೆ ಅಂತ ಗ್ರೀಕಿನಲ್ಲಿ ಒಕ್ಕಣೆ. ಹಾಸ್ಟೆಲ್ ಹುಡುಗರ ರ್‍ಯಾಗಿಂಗ್, ಇನ್ನೆಂತ!

ಈಗ ನಿಮ್ಮ ಕುತ್ತಿಗೆ ತೋರಿಸಿ. ಅದೇ ಶಿಲುಬೆ, 916 ಹಾಲ್‌ಮಾರ್ಕ್, ಮೇಕಿಂಗ್ ಚಾರ್ಜಿನಲ್ಲಿ ಚೌಕಾಸಿ ಮಾಡಿ ತಂದದ್ದು. ಗುಲಾಮರನ್ನು ಕೊಲ್ಲುವ ಮರ ಅಂತ ಆ ಕಾಲದವರು ಮುಖ ತಿರುಗಿಸ್ತಾ ಇದ್ದದ್ದು ನಮಗೆ ಒಂದು ಪವನಿನ ಪೆಂಡೆಂಟು. ಅಲೆಕ್ಸಾಮೆನೋಸನನ್ನು ನೋಡಿ ನಕ್ಕಿದ್ರಲ್ಲ, ನಮ್ಮನ್ನು ನೋಡಿ ಯಾರೂ ನಗುವುದಿಲ್ಲ. ರೇಟ್ ಎಷ್ಟು ಅಂತ ಕೇಳ್ತಾರೆ.

ನಗಿಸ್ಕೊಳ್ಳಲಿಕ್ಕೇ ಹೊರಟ ಕೆಲವರಿದ್ದರು. ಸಿರಿಯಾದ ಎಮೆಸಾದಲ್ಲಿ (ಈಗ ಹೋಮ್ಸ್ ಅಂತಾರಲ್ಲ, ಅದೇ) ಆರನೇ ಶತಮಾನದ ಸಿಮೆಯೋನ ಅಂಥವ. ಮೃತ ಸಮುದ್ರದ ಹತ್ತಿರದ ಮರುಭೂಮಿಯಲ್ಲಿ ವರ್ಷಗಟ್ಟಲೆ ತಪಸ್ಸು ಮಾಡಿ ಊರಿಗೆ ಬಂದ. ಬಂದದ್ದು ಹೇಗೆ? ತಿಪ್ಪೆಯಲ್ಲಿ ಬಿದ್ದ ಸತ್ತ ನಾಯಿಯನ್ನು ಸೊಂಟದ ಹಗ್ಗಕ್ಕೆ ಕಟ್ಟಿ ಎಳೀತಾ, ಹಿಂದೆ ಶಾಲೆ ಮಕ್ಕಳ ದಂಡು. ಮಾರನೇ ದಿನ ಭಾನುವಾರ. ಪೂಜೆ ಶುರುವಾಗುವಾಗ ದೀಪ ಆರಿಸಿ, ಪೀಠ ಹತ್ತಿ, ಹೆಂಗಸರ ಕಡೆಗೆ ಅಕ್ರೋಟು ಎಸೆದ. ಹೊಡೆದು ಓಡಿಸಿದ್ರೆ ಹೋಗುವಾಗ ತಿಂಡಿ ಅಂಗಡಿಯ ಮೇಜುಗಳನ್ನು ಕವುಚಿ ಹಾಕಿ ಹೋದ.

ಹಗಲಿಗೆ ಹೀಗೆ, ಮರೆಯಲ್ಲಿ ಬೇರೆ ಕತೆ. ಬಡವರಿಗೆ, ಬಿದ್ದವರಿಗೆ ಗುಟ್ಟಿನಲ್ಲಿ ಕೈ ಹಿಡೀತಿದ್ದ. ಒಳ್ಳೆಯವ ಅಂತ ಯಾರೂ ಹೇಳಬಾರದು ಅಂತಲೇ ಈ ವೇಷ. ಏಳನೇ ಶತಮಾನದಲ್ಲಿ ಸೈಪ್ರಸ್ಸಿನ ಲಿಯೋಂಟಿಯಸ್ ಅನ್ನುವ ಬಿಷಪರು ಇದನ್ನೆಲ್ಲ ಬರೆದಿಟ್ಟರು. (ನಾವು? ಇಗರ್ಜಿಗೆ ಒಂದು ಸೀಲಿಂಗ್ ಫ್ಯಾನ್ ಕೊಟ್ರೆ ಮೂರೂ ರೆಕ್ಕೆಯಲ್ಲಿ ಹೆಸರು. ಅದೂ ‘ಸ್ಮರಣಾರ್ಥ’ ಅಂತ ಸತ್ತವರ ಹೆಸರಿನ ಕೆಳಗೆ ಕೊಟ್ಟವರ ಹೆಸರು ಸ್ವಲ್ಪ ದಪ್ಪ ಅಕ್ಷರದಲ್ಲಿ.)

ರಷ್ಯಾದ ವಸೀಲಿಯ ಕತೆ ಇನ್ನೂ ಚಂದ. ಮಾಸ್ಕೋದ ಚಳಿಯಲ್ಲಿ ಮೈಮೇಲೆ ಬಟ್ಟೆ ಇಲ್ಲದೆ ತಿರುಗುತ್ತಿದ್ದ ಹುಚ್ಚ. ಆಗ ಅಲ್ಲಿ ದೊರೆ ಯಾರು? ಉಗ್ರ ಇವಾನ್. ಒಮ್ಮೆ ದೊರೆ ಪೂಜೆ ಮುಗಿಸಿ ಬಂದಾಗ ವಸೀಲಿ ಸಿಕ್ಕಿದನಂತೆ. ನಿನ್ನನ್ನು ಇಗರ್ಜಿಯಲ್ಲಿ ಕಾಣಲೇ ಇಲ್ಲ, ನೀನು ಗುಡ್ಡದಲ್ಲಿ ಅರಮನೆ ಕಟ್ಟಿಸ್ತಾ ಇದ್ದೆಯಲ್ಲ ಅಂದನಂತೆ! ಮೈ ಒಳಗೆ ನಿಂತಿತ್ತು ನಿಜ. ಮನಸ್ಸು ಮಾತ್ರ ವೊರೊಬ್ಯೋವಿ ಗುಡ್ಡದಲ್ಲಿ ಹೊಸ ಅರಮನೆಗೆ ಕಲ್ಲು ಹೊರಿಸ್ತಾ ಇತ್ತು. ಮಂತ್ರಿಯೊಬ್ಬ ಹೀಗೆ ಹೇಳಿದ್ರೆ ತಲೆ ಹಾರಿ ಹೋಗ್ತಿತ್ತು, ಹುಚ್ಚ ಹೇಳಿದ್ದಕ್ಕೆ ದೊರೆ ಹೆದರಿದ.

ವಸೀಲಿಯನ್ನು ನಮ್ಮ ಇಗರ್ಜಿಯ ಬಾಗಿಲಲ್ಲಿ ಒಂದು ಭಾನುವಾರ ನಿಲ್ಲಿಸಿದ್ರೆ ಹೇಗೆ? ನಿಮ್ಮನ್ನು ಎಲ್ಲಿ ಕಂಡೆ ಅಂತ ಹೇಳ್ತಾನೆ? ಮಧ್ಯಾಹ್ನದ ಕೋರಿ ರೊಟ್ಟಿಯ ಹತ್ತಿರವಾ? ಪಾರ್ಕಿಂಗಿನಲ್ಲಿ ಹಿಂದೆ ಅಡ್ಡ ನಿಂತ ಕಾರಿನ ಹತ್ತಿರವಾ? ಎದುರು ಕೂತವರ ಸೀರೆ ಸೆರಗಿನಲ್ಲಾ? ಇವಾನ್ ಆದ್ರೂ ಅರಮನೆ ಕಟ್ತಾ ಇದ್ದ, ಮಾರಾಯ್ರೆ.

ಕಜಾನ್ ಗೆದ್ದ ನೆನಪಿಗೆ ಅದೇ ಇವಾನ್ 1555ರಿಂದ 1561ರವರೆಗೆ ಕೆಂಪು ಚೌಕದಲ್ಲಿ ಒಂದು ಭಾರೀ ದೇವಾಲಯ ಕಟ್ಟಿಸಿದ. ಈರುಳ್ಳಿಯ ಹಾಗೆ ಬಣ್ಣ ಬಣ್ಣದ ಗುಮ್ಮಟ, ಮಾಸ್ಕೋ ಅಂದ್ರೆ ಎಲ್ಲರೂ ಅದರದ್ದೇ ಚಿತ್ರ ಹಾಕ್ತಾರೆ. ಇಟ್ಟ ಹೆಸರು ಮಾತೆ ಮರಿಯಮ್ಮನ ಹಬ್ಬದ್ದು. ವಸೀಲಿಯ ಸಮಾಧಿ ಅಲ್ಲೇ ಇತ್ತು, 1588ರಲ್ಲಿ ಅದರ ಮೇಲೊಂದು ಸಣ್ಣ ಪ್ರಾರ್ಥನಾಲಯ ಸೇರಿಸಿದರು. ಈಗ ಇಡೀ ಕಟ್ಟಡಕ್ಕೇ ಜನ ಕರೆಯುವುದು ಸಂತ ವಸೀಲಿಯ ಹೆಸರಿನಲ್ಲಿ. ಗೆದ್ದವ, ಖರ್ಚು ಮಾಡಿದವ ಇವಾನ್. ಹೆಸರು ಹೊಡೆದದ್ದು ಅಂಗಿ ಇಲ್ಲದವ!

ನೀವು ಸತ್ತ ನಾಯಿ ಎಳೀಬೇಕು ಅಂತ ನಾನು ಹೇಳ್ತಾ ಇಲ್ಲ. (ಪಾಲಿಕೆಯವರು ದಂಡ ಹಾಕ್ತಾರೆ.) ಇಷ್ಟು ದೊಡ್ಡ ವೇಷ ಎಲ್ಲ ಬೇಡ ಅನ್ನುವವರಿಗೆ ಈಜಿಪ್ಟಿನ ಅಬ್ಬಾ ಮೋಸೆಸ್ ಇದ್ದಾರೆ. ನಾಲ್ಕನೇ ಶತಮಾನ, ಸ್ಕೇಟಿಸ್ ಅನ್ನುವ ಮರುಭೂಮಿ. ಮೊದಲು ದರೋಡೆಕೋರ, ಮತ್ತೆ ಸನ್ಯಾಸಿ. ಅಲ್ಲಿ ಯಾರೋ ಒಬ್ಬ ಸನ್ಯಾಸಿ ತಪ್ಪು ಮಾಡಿದ, ವಿಚಾರಣೆಗೆ ಹಿರಿಯರೆಲ್ಲ ಸೇರಿದರು. ಮೋಸೆಸ್‌ಗೆ ಹೇಳಿಕೆ ಹೋಯ್ತು, ಬರಲಿಲ್ಲ. ಎರಡನೇ ಸಲ ಜನ ಕಳಿಸಿದ ಮೇಲೆ ಬಂದರು, ತೂತು ಬಿದ್ದ ಕೊಡದಲ್ಲಿ ನೀರು ಹೊತ್ಕೊಂಡು. ದಾರಿಯುದ್ದ ನೀರು ಸುರೀತಾ ಉಂಟು. ಇದೆಂತ ಅಂತ ಕೇಳಿದ್ರೆ, ನನ್ನ ತಪ್ಪು ಹೀಗೆ ಹಿಂದೆ ಸುರೀತಾ ಉಂಟು, ನನಗೆ ಕಾಣುವುದಿಲ್ಲ, ಬಂದದ್ದು ಇನ್ನೊಬ್ಬನ ಪಂಚಾತಿಕೆಗೆ ಅಂದರು. ಸಭೆ ಬರ್ಕಾಸ್ತು, ತಪ್ಪು ಮಾಡಿದವನಿಗೆ ಮಾಫಿ.

ಅಷ್ಟು ಸುಲಭದಲ್ಲಿ ನಿಮ್ಮನ್ನು ಬಿಡುವ ಜನ ಪೌಲ ಅಲ್ಲ. ಅದೇ ಕೊರಿಂಥದ ಕಾಗದದಲ್ಲಿ ಸ್ವಲ್ಪ ಮುಂದೆ ಹೋಗಿ, ಆರನೇ ಅಧ್ಯಾಯದಲ್ಲಿ ಒಂದು ವಿಷಯ ತೆಗೀತಾನೆ. ಸಭೆಯವರೇ ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗಿದ್ದಾರೆ. ಪೌಲನಿಗೆ ಮಂಡೆಬಿಸಿ. ಇಷ್ಟೆಲ್ಲ ಜ್ಞಾನದ ಮಾತಾಡ್ತೀರಿ, ಅಣ್ಣತಮ್ಮಂದಿರ ಜಗಳ ಮುಗಿಸುವಷ್ಟು ಬುದ್ಧಿ ಇದ್ದವ ನಿಮ್ಮಲ್ಲಿ ಒಬ್ಬನೂ ಇಲ್ಲವಾ ಅಂತ ಕೇಳ್ತಾನೆ. ಅಷ್ಟಕ್ಕೇ ನಿಲ್ಲಿಸಿದ್ರೆ ಪರವಾಗಿಲ್ಲ. ಅದಕ್ಕಿಂತ ನೀವೇ ಅನ್ಯಾಯ ಸಹಿಸಿಕೊಳ್ಳಬಾರದಾ, ನೀವೇ ಮೋಸ ಹೋಗಬಾರದಾ ಅಂತ ಬೇರೆ!

ಅಲ್ಲ ಮಾರಾಯ್ರೆ, ಮೋಸ ಹೋಗುವುದಂತೆ! ತೋಡಿನ ಬದಿಯ ಆ ಒಂದೂವರೆ ಸೆಂಟ್ಸ್, ಅಪ್ಪ ಇಟ್ಟ ಎರಡು ತೆಂಗಿನಮರ ಸಮೇತ, ತಮ್ಮನಿಗೆ ಬಿಟ್ಟುಕೊಡುವುದಂತೆ! ತಪ್ಪು ಅವನದ್ದೇ ಅಂತ ಸರ್ವೆಯವರೇ ಹೇಳಿದ್ದಾರೆ. ಮೂಲ ದಾಖಲೆ, ಆರ್‌ಟಿಸಿ ಎಲ್ಲ ನಿಮ್ಮ ಹತ್ತಿರ ಲ್ಯಾಮಿನೇಷನ್ ಮಾಡಿ ಉಂಟು. ವಕೀಲರ ಫೀಸಿಗೇ ಆ ಜಾಗದ ಎರಡು ಪಟ್ಟು ಹೋಗಿದೆ. ಈಗ ಬಿಟ್ರೆ ಊರವರು ನಿಮ್ಮನ್ನು ಎಂತ ಕರೀತಾರೆ?

ಹೂಂ, ಅದನ್ನೇ ಕರೀತಾರೆ.

ಅದಿರ್ಲಿ, ಮುಂದಿನ ವಾಯಿದೆ ಯಾವತ್ತು ಅಂದ್ರಿ?